ರಾತ್ರಿ ಡ್ಯಾಶ್‌ಕ್ಯಾಮ್ ವಿಡಿಯೋದಲ್ಲಿ ಕೆಂಪು, ನೀಲಿ ಚುಕ್ಕಿಗಳು: ತೆಗೆಯೋದು ಹೇಗೆ, ಬಾರದ ಹಾಗೆ ನೋಡಿಕೊಳ್ಳೋದು ಹೇಗೆ?

ಆನೆಚೌಕೂರು ದಾರಿ (ಗೋಣಿಕೊಪ್ಪ)

ಎಲ್ಲರಿಗೂ ನಮಸ್ಕಾರ. ಮುಂದೆ 4ಕೆ, ಹಿಂದೆ 1080 ರೆಕಾರ್ಡ್ ಮಾಡುವ ಡ್ಯಾಶ್‌ಕ್ಯಾಮ್. ಗಾಜಿಗೆ ಅಂಟಿಸಿ ಇದು ಮೂರನೇ ಮಳೆಗಾಲ. ಹಗಲಿನ ವಿಡಿಯೋದಲ್ಲಿ ಒಂದು ದೋಷವೂ ಕಾಣುವುದಿಲ್ಲ. ರಾತ್ರಿ ತಿತಿಮತಿ ದಾಟಿ ಕಾಡಿನ ರಸ್ತೆಗೆ ಇಳಿದ ಮೇಲೆ ಮಾತ್ರ ಮುಂದಿನ ಕ್ಯಾಮೆರಾದ ಚಿತ್ರದಲ್ಲಿ ಚುಕ್ಕಿಗಳು ಏಳುತ್ತವೆ. ಗಮನಿಸಿದ್ದು ಇಷ್ಟು:

ಗಾಡಿ ಹೊರಟ ಹೊಸದರಲ್ಲಿ ಮೂರೋ ನಾಲ್ಕೋ ಇರುತ್ತವೆ, ಅರ್ಧ ಗಂಟೆ ಆದ ಮೇಲೆ ಇಪ್ಪತ್ತು ದಾಟುತ್ತವೆ. ಗಾಡಿ ತಿರುಗಿದರೂ ಚುಕ್ಕಿ ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ಪೇಟೆಯ ಬೀದಿದೀಪದ ಕೆಳಗೆ ಬಂದ ಕೂಡಲೇ ಮಾಯ. ಹಿಗ್ಗಿಸಿ ನೋಡಿದರೆ ಒಂದು ಪಿಕ್ಸೆಲ್ ಅಲ್ಲ, ಹತ್ತು ಪಿಕ್ಸೆಲ್ ಅಗಲದ ಕೂಡಿಸುವ ಚಿಹ್ನೆಯಂಥ ಕಲೆ. ಅದೂ ಸೆಕೆಂಡಿಗೊಮ್ಮೆ ಮಿಡಿದ ಹಾಗೆ ಮಂಕಾಗಿ ಮತ್ತೆ ಚುರುಕಾಗುತ್ತದೆ. ಲೆನ್ಸ್ ಒರೆಸಿದ್ದು, ಕಾರ್ಡ್ ಫಾರ್ಮ್ಯಾಟ್ ಮಾಡಿದ್ದು ಎರಡರಿಂದಲೂ ಏನೂ ಬದಲಾಗಿಲ್ಲ.

ಕೇಳಬೇಕಾದ್ದು ಮೂರು. ಸೆನ್ಸರ್ ಕೆಟ್ಟಿದೆಯೇ? ಈಗಾಗಲೇ ಇರುವ ಕ್ಲಿಪ್‌ಗಳನ್ನು ಶುದ್ಧ ಮಾಡುವುದು ಹೇಗೆ? ಜಿಂಕೆ, ಕಾಟಿ ರಸ್ತೆ ದಾಟುವ ಕ್ಲಿಪ್‌ಗಳು ಅವು. ದೂರದಲ್ಲಿ ಮಿನುಗುವ ಕಣ್ಣು ಯಾವುದು, ಈ ಚುಕ್ಕಿ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಮೂರನೆಯದು, ಮುಂದೆ ಬಾರದ ಹಾಗೆ ಏನು ಮಾಡಬೇಕು? 8 ಜಿಬಿಯ ಲ್ಯಾಪ್‌ಟಾಪ್ ಇದೆ, ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೊಳ್ಳುವ ಯೋಚನೆ ಇಲ್ಲ.

ಕಪ್ಪು ಫ್ರೇಮ್ (ಮಡಿಕೇರಿ)

ನೀವು ಬರೆದ ಲಕ್ಷಣದಲ್ಲೇ ಉತ್ತರ ಇದೆ ಸರ್. ಬಿಸಿಯಾದ ಹಾಗೆ ಹೆಚ್ಚುತ್ತದೆ, ಬೆಳಕು ಬಂದರೆ ಮರೆಯಾಗುತ್ತದೆ, ಜಾಗ ಬದಲಾಗುವುದಿಲ್ಲ. ಇದು ಹಾಟ್ ಪಿಕ್ಸೆಲ್. ಸೆನ್ಸರ್ ಸತ್ತಿಲ್ಲ.

ಸೆನ್ಸರಿನ ಪ್ರತಿ ಪಿಕ್ಸೆಲ್ಲಿನಲ್ಲೂ ಬೆಳಕು ಬೀಳದೇ ಇದ್ದಾಗಲೂ ಚೂರು ಕರೆಂಟ್ ಸೋರುತ್ತದೆ. ಸಿಲಿಕಾನಿನಲ್ಲಿ ಎಲ್ಲೋ ಕುಂದಿರುವ ಕೆಲವು ಪಿಕ್ಸೆಲ್‌ಗಳಲ್ಲಿ ಈ ಸೋರಿಕೆ ಉಳಿದವಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಶಾಖ ಸುಮಾರು 6ರಿಂದ 8 ಡಿಗ್ರಿ ಏರಿದಾಗಲೆಲ್ಲ ಸೋರಿಕೆ ಇಮ್ಮಡಿಯಾಗುತ್ತದೆ. ಹೊರಡುವಾಗ 35 ಡಿಗ್ರಿ ಇದ್ದ ಸೆನ್ಸರ್ ಅರ್ಧ ಗಂಟೆಯಲ್ಲಿ 63ಕ್ಕೆ ಮುಟ್ಟಿತು ಅಂದರೆ 28 ಡಿಗ್ರಿ ಏರಿಕೆ, ಅಂದರೆ ನಾಲ್ಕು ಸಲ ಇಮ್ಮಡಿ: ಹತ್ತಿರ ಹತ್ತಿರ 16 ಪಟ್ಟು. ಮೂರು ಚುಕ್ಕಿ ಇಪ್ಪತ್ತಾಗುವುದು ಹೀಗೆ. ಹೊಸ ಪಿಕ್ಸೆಲ್ ಕೆಟ್ಟಿದ್ದಲ್ಲ, ಕತ್ತಲಲ್ಲಿ ಅಡಗಿದ್ದವು ಮೇಲೆ ಬಂದಿದ್ದು.

ಇನ್ನೊಂದು ಅರ್ಧ ಗೇನ್. ಸೆಕೆಂಡಿಗೆ 30 ಫ್ರೇಮ್ ತೆಗೆಯುವ ಕ್ಯಾಮೆರಾ ಒಂದು ಫ್ರೇಮಿಗೆ 33 ಮಿಲಿಸೆಕೆಂಡಿಗಿಂತ ಹೆಚ್ಚು ಬೆಳಕು ಹಿಡಿಯಲಾರದು. ಅಲ್ಲಿಗೂ ಸಾಲದೇ ಹೋದರೆ ಸಿಗ್ನಲ್ಲನ್ನೇ ಹಿಗ್ಗಿಸುತ್ತದೆ, ಅದೇ ಗೇನ್. ಪೇಟೆಯಲ್ಲಿ ಅದರ ಅಗತ್ಯ ಕಡಿಮೆ. ಕಾಡಿನ ಒಳಗೆ, ಕಾಫಿ ತೋಟದ ನಡುವೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಗೇನ್ ತುತ್ತತುದಿಗೆ ಹೋಗಿ ಕೂರುತ್ತದೆ. ಬೆಳಕಿನ ಜೊತೆಗೆ ಸೋರಿಕೆಯೂ ಹಿಗ್ಗುತ್ತದೆ. ದಟ್ಟ ಮಂಜು ಇರುವ ರಾತ್ರಿ ಚುಕ್ಕಿ ಕಡಿಮೆ ಕಾಣುವುದನ್ನು ನೀವು ನೋಡಿರಬಹುದು. ಹೆಡ್‌ಲೈಟ್ ಬೆಳಕು ಮಂಜಿಗೆ ತಾಗಿ ಹಿಂದೆ ಬಂದು ಇಡೀ ಚಿತ್ರ ಬೂದಿಯಾಗುತ್ತದೆ, ಗೇನ್ ಇಳಿಯುತ್ತದೆ, ಅಷ್ಟೇ ಕಾರಣ.

ಹತ್ತು ಪಿಕ್ಸೆಲ್ ಅಗಲ ಏಕೆ? ಸೆನ್ಸರಿನಲ್ಲಿ ಅದು ಒಂದೇ. ಆದರೆ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿ ಮೂರರಲ್ಲಿ ಒಂದನ್ನಷ್ಟೇ ಅಳೆಯುತ್ತದೆ, ಉಳಿದೆರಡನ್ನು ಅಕ್ಕಪಕ್ಕದಿಂದ ಊಹಿಸಿ ತುಂಬಬೇಕು. ಆ ಊಹೆಯಲ್ಲಿ ಒಂದರ ತಪ್ಪು ಸುತ್ತಲಿನ ಎಂಟಕ್ಕೂ ಹಂಚಿಹೋಗುತ್ತದೆ. ಕೂಡಿಸುವ ಚಿಹ್ನೆಯ ಆಕಾರ ಅಲ್ಲಿ ಹುಟ್ಟಿದ್ದು. ಅದರ ಮೇಲೆ ಕ್ಯಾಮೆರಾದ ಶಾರ್ಪನಿಂಗ್ (ಅಂಚನ್ನು ಚೂಪು ಮಾಡುವ ಕೆಲಸ) ಸುತ್ತ ಒಂದು ಕಪ್ಪು ಬಳೆ ಬರೆಯುತ್ತದೆ. ಕಡೆಗೆ ಕಂಪ್ರೆಶನ್, ಅಂದರೆ ಫೈಲನ್ನು ಕಿರಿದು ಮಾಡುವ ಕೆಲಸ, ಚೌಕ ಚೌಕವಾಗಿ ಬಳಿದು ಇನ್ನಷ್ಟು ಹರಡುತ್ತದೆ. ಸೆಕೆಂಡಿಗೊಮ್ಮೆ ಮಿಡಿಯುವುದೂ ಕಂಪ್ರೆಶನ್ನಿನದೇ ಕೆಲಸ. ಆಗಾಗ ಒಂದು ಪೂರ್ತಿ ಫ್ರೇಮ್ ಬರುತ್ತದೆ, ನಡುವಿನವು ಬದಲಾದದ್ದನ್ನು ಮಾತ್ರ ಬರೆಯುತ್ತವೆ. ಪೂರ್ತಿ ಫ್ರೇಮ್ ಬಂದಾಗಲೆಲ್ಲ ಚುಕ್ಕಿ ಹೊಸದಾಗಿ ಚುರುಕಾಗುತ್ತದೆ.

ತೆಗೆಯುವ ಮುಂಚೆ ಪರೀಕ್ಷೆ ಒಂದು ಮಾಡಿ. ಲೆನ್ಸಿನ ಮೇಲೆ ಮೊದಲು ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಎರಡು ಮಡಿಕೆ, ಅದರ ಮೇಲೆ ದಪ್ಪ ಕಪ್ಪು ಬಟ್ಟೆ, ಅಂಚಿಗೆ ಮಾತ್ರ ಟೇಪ್. ಇನ್ಸುಲೇಶನ್ ಟೇಪನ್ನು ನೇರ ಲೆನ್ಸಿಗೆ ಅಂಟಿಸಬೇಡಿ, ಅಂಟು ಬಿಡಿಸುವಷ್ಟರಲ್ಲಿ ಕೋಟಿಂಗ್ ಕಿತ್ತುಬರುತ್ತದೆ. ಕ್ಯಾಮೆರಾ ತಣ್ಣಗಿರುವಾಗ 2 ನಿಮಿಷ ರೆಕಾರ್ಡ್ ಮಾಡಿ. ಆಮೇಲೆ ಹಾಗೇ ಬಿಟ್ಟು, 40 ನಿಮಿಷ ಓಡಿದ ಮೇಲಿನ 2 ನಿಮಿಷವನ್ನೂ ತೆಗೆದಿಡಿ. ರೆಸೊಲ್ಯೂಶನ್ ರಾತ್ರಿ ಓಡಿಸುವಾಗ ಇಡುವಷ್ಟೇ ಇರಲಿ, ಇಲ್ಲದಿದ್ದರೆ ಚುಕ್ಕಿಯ ಜಾಗದ ಲೆಕ್ಕ ತಪ್ಪುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಬಿಸಿಯಲ್ಲಿ ಮಾತ್ರ ಇರುವುದು, ಇಲ್ಲವೇ ಬಿಸಿಯಲ್ಲಿ ಇನ್ನೂ ಪ್ರಖರವಾಗುವುದು ಹಾಟ್ ಪಿಕ್ಸೆಲ್. ಎರಡರಲ್ಲೂ ಒಂದೇ ಪ್ರಖರತೆಯಲ್ಲಿ ಉರಿಯುವುದು ಸ್ಟಕ್ ಪಿಕ್ಸೆಲ್, ಅದು ಹಗಲಿನ ನೆರಳಿನಲ್ಲೂ ಕಾಣಬೇಕು. ಲೆನ್ಸ್ ಮುಚ್ಚಿದಾಗ ಎರಡರಲ್ಲೂ ಇಲ್ಲ, ಓಡಿಸುವಾಗ ಮಾತ್ರ ಇದೆ ಅಂದರೆ ಅದು ಸೆನ್ಸರಿನದಲ್ಲ. ಡ್ಯಾಶ್‌ಬೋರ್ಡಿನ ಸಣ್ಣ ಎಲ್‌ಇಡಿ ಗಾಜಿನಲ್ಲಿ ಪ್ರತಿಫಲಿಸುತ್ತಿದೆ, ಅಥವಾ ಗಾಜಿನ ಮೇಲೆ ಒಂದು ಹನಿ ಕೂತಿದೆ.

ಆನೆಚೌಕೂರು ದಾರಿ

ಪರೀಕ್ಷೆ ಆಯಿತು. ತಣ್ಣಗಿದ್ದಾಗ 4, ಬಿಸಿಯಾದ ಮೇಲೆ 23. ಆ ನಾಲ್ಕೂ ಇಪ್ಪತ್ತಮೂರರ ಒಳಗೇ ಇವೆ, ಬಿಸಿಯಲ್ಲಿ ಇನ್ನೂ ಪ್ರಖರ. ಹಿಂದಿನ ಕ್ಯಾಮೆರಾದಲ್ಲಿ ಒಂದೂ ಇಲ್ಲ. ಇನ್ನೊಂದು ಚುಕ್ಕಿ ಲೆನ್ಸ್ ಮುಚ್ಚಿದಾಗ ಕಾಣಲೇ ಇಲ್ಲ, ಅದು ಟೋಲ್ ಟ್ಯಾಗಿನ ಅಂಚು ಹೊಳೆದಿದ್ದು.

ಲೆನ್ಸ್ ಮುಚ್ಚಿ ತೆಗೆದ ಈ ಕಪ್ಪು ಫ್ರೇಮನ್ನೇ ರಾತ್ರಿಯ ವಿಡಿಯೋದಿಂದ ಕಳೆದರೆ ಸಾಕಲ್ಲವೇ? ನಕ್ಷತ್ರದ ಫೋಟೋ ತೆಗೆಯುವವರು ಹಾಗೇ ಮಾಡುತ್ತಾರಲ್ಲ.

ಬಿಟ್‌ರೇಟ್ (ಕುಶಾಲನಗರ)

ಸಾಲದು ಅಣ್ಣ. ಅವರು ಕಳೆಯುವುದು ಕಚ್ಚಾ ಫೈಲಿನಿಂದ, ಅಲ್ಲಿ ಇಮ್ಮಡಿ ಬೆಳಕಿಗೆ ಇಮ್ಮಡಿ ಅಂಕಿ ಇರುತ್ತದೆ. ಡ್ಯಾಶ್‌ಕ್ಯಾಮಿನ ಫೈಲು ಗಾಮಾ ಹಾಕಿ (ಕತ್ತಲ ಭಾಗವನ್ನು ಎತ್ತಿ ತೋರಿಸಿ), ನಾಯ್ಸ್ (ಚಿತ್ರದ ಮೇಲೆ ಕುಣಿಯುವ ಪುಡಿ ಕಾಳು) ಒರೆಸಿ, 8 ಬಿಟ್ಟಿಗೆ ಇಳಿಸಿ, ಕಂಪ್ರೆಸ್ ಮಾಡಿದ್ದು. ಅಲ್ಲಿ ಕಳೆದರೆ ಕತ್ತಲಿರುವ ಕಡೆ ಕಪ್ಪು ತೂತು ಬೀಳುತ್ತದೆ, ಎದುರು ಲಾರಿಯ ಬೆಳಕು ಹಾಯುವಾಗ ಬೂದಿ ಕಲೆ ಉಳಿಯುತ್ತದೆ. ಅದೂ ಅಲ್ಲದೆ ಸೆನ್ಸರಿನ ಶಾಖ ನಿಮಿಷ ನಿಮಿಷಕ್ಕೂ ಬೇರೆ. 40ನೇ ನಿಮಿಷದ ಕಪ್ಪು ಫ್ರೇಮ್ 15ನೇ ನಿಮಿಷದ ವಿಡಿಯೋಗೆ ಹೊಂದುವುದಿಲ್ಲ. ಕಪ್ಪು ಫ್ರೇಮ್ ನಿಮಗೆ ಒಂದೇ ಕೆಲಸಕ್ಕೆ: ಚುಕ್ಕಿ ಎಲ್ಲಿದೆ ಅನ್ನೋ ನಕ್ಷೆಗೆ. ಆ ಜಾಗವನ್ನು ಸುತ್ತಲಿನ ಬಣ್ಣದಿಂದ ತುಂಬಬೇಕು.

ಕ್ಲಿಪ್ಪಿನಲ್ಲಿ ಐದಾರು ಚುಕ್ಕಿ ಮಾತ್ರ ಕಣ್ಣಿಗೆ ಚುಚ್ಚುತ್ತವೆ ಅಂದರೆ ಶಾಟ್‌ಕಟ್ ಅನ್ನೋ ವಿಡಿಯೋ ಎಡಿಟರ್ ಸಾಕು, ಉಚಿತ. ಅದರ ಫಿಲ್ಟರ್ ಪಟ್ಟಿಯಲ್ಲಿ ಸ್ಪಾಟ್ ರಿಮೂವರ್ ಅಂತ ಇದೆ. ಒಂದೊಂದು ಚುಕ್ಕಿಗೂ ಒಂದೊಂದು ಸಲ ಫಿಲ್ಟರ್ ಸೇರಿಸಿ, ಚೌಕವನ್ನು ಚುಕ್ಕಿಯ ಮೇಲೆ ಕೂರಿಸಿ. ಚೌಕ ಕಲೆಗಿಂತ ಒಂದೆರಡು ಪಿಕ್ಸೆಲ್ ದೊಡ್ಡದಿರಲಿ. ಅಂಚು ಕಲೆಯ ಮೇಲೇ ಬಿದ್ದರೆ ಫಿಲ್ಟರ್ ಆ ಕೆಂಪನ್ನೇ ತೆಗೆದುಕೊಂಡು ಒಳಗೆಲ್ಲ ತುಂಬುತ್ತದೆ, ಚುಕ್ಕಿ ಹೋಗುವ ಬದಲು ಚೌಕವೇ ಕೆಂಪಾಗುತ್ತದೆ. ಎಲ್ಲರೂ ಮೊದಲು ಮಾಡುವ ತಪ್ಪು ಇದೇ.

ನಿಮ್ಮದು 23. ಅಷ್ಟಕ್ಕೆ ಎಫ್‌ಎಫ್‌ಎಂಪೆಗ್ ಒಳ್ಳೆಯದು, ಅದು ಆಜ್ಞೆಯ ಸಾಲು ಟೈಪ್ ಮಾಡಿ ಓಡಿಸುವ ಉಚಿತ ವಿಡಿಯೋ ಸಾಫ್ಟ್‌ವೇರ್, ಒಂದು ಸಲ ಸಾಲು ಬರೆದಿಟ್ಟರೆ ಎಲ್ಲ ಕ್ಲಿಪ್ಪಿಗೂ ಅದೇ. ಅದರಲ್ಲಿ ಡಿಲೋಗೋ ಅನ್ನೋ ಫಿಲ್ಟರ್, ಟಿವಿ ಚಾನೆಲ್ಲಿನ ಲೋಗೋ ಅಳಿಸಲು ಮಾಡಿದ್ದು. ಅದಕ್ಕೆ ನಾಲ್ಕು ಅಂಕಿ ಬೇಕು: ಎಡ ಅಂಚಿನಿಂದ ಎಷ್ಟು, ಮೇಲಂಚಿನಿಂದ ಎಷ್ಟು, ಅಗಲ, ಎತ್ತರ. ಉದಾಹರಣೆಗೆ ಚುಕ್ಕಿಯ ನಡು 1212, 430ರಲ್ಲಿ ಇದೆ ಅಂತಿಟ್ಟುಕೊಳ್ಳಿ. 12 ಪಿಕ್ಸೆಲ್ ಚೌಕ ಬೇಕಾದರೆ ಎಡ 1206, ಮೇಲೆ 424, ಅಗಲ 12, ಎತ್ತರ 12. ನಾಲ್ಕೂ ಸಮಸಂಖ್ಯೆ ಆಗಿರಲಿ. ಈ ವಿಡಿಯೋಗಳಲ್ಲಿ ಬಣ್ಣವನ್ನು ಎರಡು ಬೈ ಎರಡು ಪಿಕ್ಸೆಲ್ಲಿಗೆ ಒಂದರಂತೆ ಇಟ್ಟಿರುತ್ತಾರೆ, ಬೆಸಸಂಖ್ಯೆ ಕೊಟ್ಟರೆ ಹೊಳಪು ಹೋಗಿ ಅಂಚಿನಲ್ಲಿ ಬಣ್ಣದ ಎಳೆ ಉಳಿಯಬಹುದು. ಮುಂದಿನ ಚುಕ್ಕಿಗೆ ಅಲ್ಪವಿರಾಮ ಹಾಕಿ ಇನ್ನೊಂದು ಡಿಲೋಗೋ, ಹೀಗೆ ಒಂದೇ ಸಾಲಿನಲ್ಲಿ 23 ಪೋಣಿಸಬಹುದು. ಚೌಕ ಚಿತ್ರದ ಅಂಚಿಗೆ ತಾಗಬಾರದು, ತಾಗಿದರೆ ತುಂಬಲು ಆ ಕಡೆ ಪಿಕ್ಸೆಲ್ಲೇ ಇರುವುದಿಲ್ಲ.

ಜಾಗ ಸರಿಯಿದೆಯೇ ನೋಡಲು ಅದೇ ಫಿಲ್ಟರಿನಲ್ಲಿ ಶೋ ಅನ್ನುವ ಆಯ್ಕೆಗೆ 1 ಕೊಡಿ. ಚೌಕದ ಸುತ್ತ ಹಸಿರು ಗೆರೆ ಬರುತ್ತದೆ. ಮೊದಲ ಹತ್ತು ಸೆಕೆಂಡ್ ಮಾತ್ರ ಓಡಿಸಿ ಕಣ್ಣಾಡಿಸಿ, ಸರಿ ಅನ್ನಿಸಿದರೆ ಶೋ ತೆಗೆದು ಪೂರ್ತಿ ಓಡಿಸಿ. ಎನ್‌ಕೋಡಿಂಗ್ ಎಚ್.264ರಲ್ಲಿ ಸಿಆರ್‌ಎಫ್ (ಗುಣಮಟ್ಟದ ಅಂಕಿ, ಕಡಿಮೆ ಇದ್ದಷ್ಟೂ ಚಿತ್ರ ಚೆನ್ನ) 18, ಪ್ರಿಸೆಟ್ ಸ್ಲೋ. ಆಡಿಯೋ ಇದ್ದ ಹಾಗೇ ಕಾಪಿ. ಸಿಆರ್‌ಎಫ್ 23ಕ್ಕೆ ಬಿಟ್ಟರೆ ಕಾಡಿನ ಕತ್ತಲೆಲ್ಲ ಚೌಕ ಚೌಕ ಕಟ್ಟುತ್ತದೆ. ಚುಕ್ಕಿ ತೆಗೆಯಲು ಹೋಗಿ ಎಲೆಯ ಗೆರೆ ಕಳೆದುಕೊಂಡ ಹಾಗೆ.

ಡಾವಿಂಚಿ ರಿಸಾಲ್ವ್ ಸ್ಟುಡಿಯೋ ಇರುವವರಿಗೆ ಡೆಡ್ ಪಿಕ್ಸೆಲ್ ಫಿಕ್ಸರ್ ಅಂತಲೇ ಒಂದು ಎಫೆಕ್ಟ್ ಇದೆ. ನೀವು ದುಡ್ಡು ಹಾಕುವುದಿಲ್ಲ ಅಂದ ಮೇಲೆ ಅದರ ಮಾತು ಬೇಡ.

ಕರಿಮೆಣಸು (ಸಿದ್ದಾಪುರ)

ಒಂದೊಂದರ ಅಂಕಿ ಬರೆಯುವುದು ಬೇಜಾರಾದರೆ ಇನ್ನೊಂದು ದಾರಿ ಇದೆ. ಎಫ್‌ಎಫ್‌ಎಂಪೆಗ್‌ನಲ್ಲೇ ರಿಮೂವ್‌ಲೋಗೋ ಅನ್ನುವ ಫಿಲ್ಟರಿಗೆ ಒಂದು ಕಪ್ಪು ಬಿಳುಪು ಚಿತ್ರ ಕೊಟ್ಟರೆ, ಬಿಳಿ ಇರುವ ಕಡೆಯೆಲ್ಲ ತುಂಬಿ ಕಪ್ಪಿರುವ ಕಡೆ ಮುಟ್ಟದೆ ಬಿಡುತ್ತದೆ. ನೂರು ಚುಕ್ಕಿ ಇದ್ದರೂ ಒಂದೇ ಚಿತ್ರ.

ಆ ಚಿತ್ರ ಮಾಡುವುದು ಹೀಗೆ. ಬಿಸಿಯಾದ ಮೇಲಿನ ಕಪ್ಪು ಕ್ಲಿಪ್ಪಿನಿಂದ 3 ಸೆಕೆಂಡಿಗೊಂದರಂತೆ 40 ಫ್ರೇಮ್ ಪಿಎನ್‌ಜಿ ಆಗಿ ಹೊರತೆಗೆಯಿರಿ. ಇಮೇಜ್‌ಮ್ಯಾಜಿಕ್ ಅನ್ನುವ ಉಚಿತ ಚಿತ್ರ ಸಾಫ್ಟ್‌ವೇರಿನಲ್ಲಿ ಅಷ್ಟನ್ನೂ ಕೊಟ್ಟು ಮೀಡಿಯನ್ ತೆಗೆಯಿರಿ. ಪ್ರತಿ ಜಾಗದಲ್ಲೂ 40 ಬೆಲೆಗಳ ನಡುವಿನದನ್ನು ಆರಿಸುತ್ತದೆ, ಒಂದು ಫ್ರೇಮಿನಲ್ಲಿ ಬಂದು ಇನ್ನೊಂದರಲ್ಲಿ ಹೋಗುವ ನಾಯ್ಸ್ ಉದುರಿ ಹೋಗಿ ಗಟ್ಟಿ ಕೂತಿರುವ ಚುಕ್ಕಿಗಳು ಮಾತ್ರ ಉಳಿಯುತ್ತವೆ. 40ಕ್ಕಿಂತ ಹೆಚ್ಚಿಗೆ ಹೋಗಬೇಡಿ. 4ಕೆ ಚಿತ್ರ ಒಂದು ಮೆಮೊರಿಯಲ್ಲಿ ಬಿಚ್ಚಿಕೊಂಡಾಗ 100 ಎಂಬಿ ಹತ್ತಿರ ಹಿಡಿಯುತ್ತದೆ, 40ಕ್ಕೆ 4 ಜಿಬಿ. ನಿಮ್ಮ 8 ಜಿಬಿಗೆ ಅಷ್ಟೇ ಹಿತ.

ಬಂದ ಒಂದು ಚಿತ್ರವನ್ನು ಗಿಂಪ್‌ನಲ್ಲಿ (ಉಚಿತ ಫೋಟೋ ಎಡಿಟರ್) ತೆರೆದು ತ್ರೆಶೋಲ್ಡ್ ಹಾಕಿ, ಅಂದರೆ ಒಂದು ಅಂಕಿಗಿಂತ ಪ್ರಖರವಾದದ್ದೆಲ್ಲ ಬಿಳಿ, ಉಳಿದದ್ದು ಕಪ್ಪು. 40ರಿಂದ ಶುರುಮಾಡಿ, ನೀವು ಎಣಿಸಿದ 23 ಬಿಳಿ ಚುಕ್ಕಿ ಉಳಿಯುವ ತನಕ ಹೆಚ್ಚುಕಡಿಮೆ ಮಾಡಿ. ಬಿಳಿಯನ್ನು ಸೆಲೆಕ್ಟ್ ಮಾಡಿ 4 ಪಿಕ್ಸೆಲ್ ಹಿಗ್ಗಿಸಿ, ಬಿಳಿ ತುಂಬಿ, ಉಳಿದದ್ದೆಲ್ಲ ಶುದ್ಧ ಕಪ್ಪು. ತಾರೀಕು, ವೇಳೆ ಬರೆದ ಪಟ್ಟಿಯೂ ಬಿಳಿಯಾಗಿ ಉಳಿದಿರುತ್ತದೆ, ಅದನ್ನು ಮರೆಯದೆ ಕಪ್ಪು ಬಳಿಯಿರಿ. ಇಲ್ಲದಿದ್ದರೆ ಫಿಲ್ಟರ್ ತಾರೀಕನ್ನೇ ಅಳಿಸಿಬಿಡುತ್ತದೆ. ಪಿಎನ್‌ಜಿಯಲ್ಲೇ ಉಳಿಸಿ. ಜೆಪೆಗ್ ಮಾಡಿದರೆ ಬಿಳಿ ಚುಕ್ಕಿಯ ಸುತ್ತ ಕಣ್ಣಿಗೆ ಕಾಣದ ಬೂದಿ ಪುಡಿ ಚೆಲ್ಲುತ್ತದೆ, ಫಿಲ್ಟರ್ ಅದನ್ನೂ ಲೋಗೋ ಅಂತ ಹಿಡಿಯಬಹುದು. ಅಳತೆ ವಿಡಿಯೋದ ಅಳತೆಯೇ, 3840 ಬೈ 2160. ಒಂದು ಪಿಕ್ಸೆಲ್ ವ್ಯತ್ಯಾಸ ಇದ್ದರೂ ಫಿಲ್ಟರ್ ಓಡುವುದಿಲ್ಲ.

ಲೆನ್ಸ್ ಮುಚ್ಚಿ ತೆಗೆದ ಕ್ಲಿಪ್ ಇಲ್ಲದ ಹಳೆಯ ವಿಡಿಯೋಗೂ ಇದೇ ಉಪಾಯ ನಡೆಯುತ್ತದೆ. ಹತ್ತು ನಿಮಿಷ ಓಡಿಸಿದ ವಿಡಿಯೋದಿಂದ 15 ಸೆಕೆಂಡಿಗೊಂದು ಫ್ರೇಮ್ ತೆಗೆದು ಮೀಡಿಯನ್ ಮಾಡಿದರೆ ಮರ, ತಿರುವು, ಎದುರು ಬಂದ ಬಸ್ಸು ಎಲ್ಲ ಕಲಸಿ ಮಂಕಾಗಿ, ಕದಲದ್ದು ಮಾತ್ರ ಚುರುಕಾಗಿ ನಿಲ್ಲುತ್ತದೆ. ಬಾನೆಟ್ ಅಂಚು, ಗಾಜಿನ ಪ್ರತಿಫಲನ ಕೂಡ ನಿಲ್ಲುತ್ತವೆ. ಚಿತ್ರದ ಕೆಳಗಿನ ಕಾಲು ಭಾಗದಲ್ಲಿ ಬಂದದ್ದನ್ನು ಒಂದು ಸಲ ಕಣ್ಣಿಂದ ಪರಿಶೀಲಿಸಿ ಸೇರಿಸಿ.

ಆಟೋ ಡಿನಾಯ್ಸ್ ಅನ್ನುವ ಗುಂಡಿ ಒತ್ತಿದರೆ ಎಲ್ಲ ಹೋಗುತ್ತದಲ್ಲ, ಇಷ್ಟೆಲ್ಲ ಏಕೆ ಅಂತ ಕೆಲವರಿಗೆ ಅನ್ನಿಸಬಹುದು. ಅದರ ಬಗ್ಗೆ ಕಪ್ಪು ಫ್ರೇಮ್ ಅವರು ಹೇಳಿದರೆ ಚೆನ್ನ.

ಕಪ್ಪು ಫ್ರೇಮ್

ದಯವಿಟ್ಟು ಇಡೀ ಫ್ರೇಮಿಗೆ ಡಿನಾಯ್ಸ್, ಮೀಡಿಯನ್ ಬ್ಲರ್ ಏನೂ ಹಾಕಬೇಡಿ. ಅಕ್ಕಪಕ್ಕಕ್ಕಿಂತ ಪ್ರಖರವಾದ ಪುಟ್ಟ ಚುಕ್ಕಿಯನ್ನೆಲ್ಲ ತಪ್ಪು ಎಂದುಕೊಳ್ಳುವುದು ಅದರ ಗುಣ. ಇನ್ನೂರು ಅಡಿ ದೂರದಲ್ಲಿ ಹೊಳೆಯುವ ಜಿಂಕೆಯ ಕಣ್ಣು ಚಿತ್ರದಲ್ಲಿ ಎರಡೋ ಮೂರೋ ಪಿಕ್ಸೆಲ್. ತಿರುವಿನಾಚೆ ಸೈಕಲ್ಲಿನ ರಿಫ್ಲೆಕ್ಟರ್, ಹಿಂದಿನ ದೀಪ ಕೆಟ್ಟ ಬೈಕು, ಮಳೆ ಶುರುವಾಗುವ ಮುಂಚಿನ ದಿನಗಳ ಮಿಂಚುಹುಳ, ಎಲ್ಲ ಅಷ್ಟೇ ಗಾತ್ರ. ನೀವು ಉಳಿಸಿಕೊಳ್ಳಬೇಕು ಅಂದುಕೊಂಡದ್ದೇ ಮೊದಲು ಅಳಿಯುತ್ತದೆ. ಕ್ಯಾಮೆರಾದ ಒಳಗೂ ಇಂಥ ತಿದ್ದುಪಡಿ ಇರುತ್ತದೆ, ಫ್ಯಾಕ್ಟರಿಯಲ್ಲಿ ಬರೆದ ಪಟ್ಟಿ ಒಂದು, ಆಗಲೇ ಹುಡುಕಿ ತಿದ್ದುವುದು ಇನ್ನೊಂದು. ಎರಡನೆಯದನ್ನು ತಯಾರಕರು ಬಿಗಿ ಮಾಡದೆ ಇರುವುದೂ ಇದೇ ಕಾರಣಕ್ಕೆ.

ಕಣ್ಣೋ ಚುಕ್ಕಿಯೋ ಅನ್ನುವ ನಿಮ್ಮ ಪ್ರಶ್ನೆಗೆ ಸುಲಭ ಗುರುತು: ಗಾಡಿ ಅಲುಗಿದಾಗ ಕಣ್ಣು ಕದಲುತ್ತದೆ, ಹಾಟ್ ಪಿಕ್ಸೆಲ್ ಕದಲುವುದಿಲ್ಲ. ರಸ್ತೆಯ ಹಂಪ್ ಮೇಲೆ ಹೋದ ಜಾಗಕ್ಕೆ ವಿಡಿಯೋ ತಂದು ಒಂದೊಂದೇ ಫ್ರೇಮ್ ಮುಂದೆ ಸರಿಸಿ ನೋಡಿ. ಕ್ಯಾಮೆರಾದಲ್ಲಿ ವಿಡಿಯೋ ಸ್ಟೆಬಿಲೈಸೇಶನ್ (ಚಿತ್ರದ ಅಲುಗಾಟ ಅಡಗಿಸುವ ಆಯ್ಕೆ) ಇದ್ದರೆ ಮಾತ್ರ ಇದು ತಿರುವುಮುರುವಾಗುತ್ತದೆ, ಚುಕ್ಕಿಯೇ ಕುಣಿಯುತ್ತದೆ. ಆಗ ಮೇಲಿನ ಯಾವ ನಕ್ಷೆಯೂ ನಿಲ್ಲುವುದಿಲ್ಲ, ಮೊದಲು ಸ್ಟೆಬಿಲೈಸೇಶನ್ ಆಫ್ ಮಾಡಬೇಕು.

ಚೌಕದ ಗಾತ್ರದ ಬಗ್ಗೆ ಒಂದು ಮಾತು. ಕೆಲವು 4ಕೆ ಕ್ಯಾಮೆರಾಗಳ ಸೆನ್ಸರ್ ಐಎಂಎಕ್ಸ್ 335, ಅದು 5 ಮೆಗಾಪಿಕ್ಸೆಲ್. 4ಕೆ ಚಿತ್ರಕ್ಕೆ 8.3 ಬೇಕು. ಉಳಿದದ್ದನ್ನು ಹಿಗ್ಗಿಸಿ ತುಂಬುತ್ತಾರೆ, ಅದರ ಜೊತೆ ಚುಕ್ಕಿಯೂ ಹಿಗ್ಗುತ್ತದೆ. ಅಂಥದ್ದಕ್ಕೆ 12 ಸಾಲದು, 14 ಅಥವಾ 16 ಬೇಕಾದೀತು. ಐಎಂಎಕ್ಸ್ 415, 678 ಸೆನ್ಸರ್ ಇದ್ದರೆ ನಿಜವಾದ 4ಕೆ, 10ರಿಂದ 12 ಸಾಕು.

ಮಂಜಿನ ಘಾಟಿ (ಸಂಪಾಜೆ)

ತೆಗೆಯುವ ಮಾತು ಸಾಕಷ್ಟಾಯಿತು, ಬಾರದ ಹಾಗೆ ಮಾಡುವುದಕ್ಕೆ ಬರೋಣ. ಮಡಿಕೇರಿಯ ಚಳಿಯಲ್ಲಿ ಕ್ಯಾಮೆರಾ ಬಿಸಿಯಾಗುವುದು ಹೇಗೆ ಅಂತ ಕೇಳುತ್ತಾರೆ. ಉತ್ತರ ನಮ್ಮ ಗಾಜಿನ ಮುಂದೇ ಇದೆ. ಕಕ್ಕಡದ (ಆಟಿ ತಿಂಗಳ) ಮಳೆಯಲ್ಲಿ ಒಳಗಿನ ಗಾಜು ಬೆವರುತ್ತದೆ, ಎಲ್ಲರೂ ಬ್ಲೋವರನ್ನು ಗಾಜಿನ ಕಡೆ ತಿರುಗಿಸಿ ಶಾಖದ ಗುಂಡಿಯನ್ನು ಕೊನೆಯ ತನಕ ತಿರುವುತ್ತಾರೆ. ಆ ಬಿಸಿಗಾಳಿ ಗಾಜಿಗೆ ಅಂಟಿಕೊಂಡೇ ಮೇಲೇರಿ ಹೋಗಿ ತಾಗುವುದು ಕನ್ನಡಿಯ ಹಿಂದೆ ಕೂತಿರುವ ಕ್ಯಾಮೆರಾಗೆ. ಬೇಸಿಗೆಯ ರಾತ್ರಿಗಿಂತ ಮಳೆಗಾಲದ ರಾತ್ರಿ ಚುಕ್ಕಿ ಹೆಚ್ಚು ಕಾಣುವ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಗಾಜಿನ ಬೆವರು ತೆಗೆಯಲು ಅಷ್ಟು ಶಾಖ ಬೇಡ. ಬೇಕಾದ್ದು ಒಣಗಾಳಿ. ಏಸಿ ಆನ್, ಹೊರಗಿನ ಗಾಳಿ ಒಳಬರುವ ಕಡೆಗೆ ಗುಂಡಿ, ಶಾಖ 22ರಿಂದ 24, ಬ್ಲೋವರ್ ನಡು ವೇಗ. ಏಸಿ ಗಾಳಿಯ ತೇವ ಹಿಂಡುತ್ತದೆ, ಗಾಜು ಬೇಗ ತಿಳಿಯಾಗುತ್ತದೆ, ಕ್ಯಾಮೆರಾವೂ ತಣ್ಣಗಿರುತ್ತದೆ. ಗಾಳಿಯನ್ನು ಒಳಗೇ ತಿರುಗಿಸುವ ಗುಂಡಿ ಒತ್ತಿಟ್ಟರೆ ಕೂತವರ ಉಸಿರೇ ಮತ್ತೆ ಗಾಜಿಗೆ ಬಂದು ಕೂರುತ್ತದೆ.

ಎರಡನೆಯದು, ಲೆನ್ಸಿನ ಮೇಲೆ ಸಿಪಿಎಲ್ ಫಿಲ್ಟರ್ ಇದೆಯೇ? ಡ್ಯಾಶ್‌ಬೋರ್ಡಿನ ಪ್ರತಿಫಲನ ಕಾಣದಿರಲಿ ಅಂತ ಹಗಲಿಗೆ ಹಾಕುವ ಪೋಲರೈಸರ್. ಅದು ಒಂದೂವರೆ ಸ್ಟಾಪಿನಷ್ಟು ಬೆಳಕು ನುಂಗುತ್ತದೆ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದ ಹಾಗೆ). ಒಂದು ಸ್ಟಾಪಿಗೆ 6 ಡೆಸಿಬೆಲ್ ಅಂದರೆ 9 ಡೆಸಿಬೆಲ್ ಗೇನ್ ಸುಮ್ಮನೆ ಏರುತ್ತದೆ. ರಾತ್ರಿ ಸಂಚಾರ ಇರುವವರು ಅದನ್ನು ಬಿಚ್ಚಿಡಬೇಕು. ಇದೊಂದರಿಂದಲೇ ಅರ್ಧ ಚುಕ್ಕಿ ಕಾಣದೆ ಹೋಗುವುದುಂಟು.

ಮೆನುವಿನಲ್ಲಿ ಇವಿ (ಚಿತ್ರದ ಬೆಳಕು ಹೆಚ್ಚುಕಡಿಮೆ ಮಾಡುವ ಅಂಕಿ) ಇರುತ್ತದೆ, ಸೊನ್ನೆಯಿಂದ ಮೈನಸ್ 0.3ಕ್ಕೆ ಇಳಿಸಿ. ಚಿತ್ರ ಕೊಂಚ ಕಪ್ಪಾಗುತ್ತದೆ, ಎದುರು ಗಾಡಿಯ ನಂಬರ್ ಪ್ಲೇಟ್ ಬೆಳಕಿಗೆ ಬೆಳ್ಳಗಾಗಿ ಹೋಗುವುದೂ ಕಡಿಮೆಯಾಗುತ್ತದೆ. ಸೂಪರ್ ನೈಟ್ ಅಂತ ಹೆಸರಿಟ್ಟು ಎಕ್ಸ್‌ಪೋಷರನ್ನು ಉದ್ದ ಮಾಡುವ ಆಯ್ಕೆ ಇದ್ದರೆ ಓಡಿಸುವಾಗ ಬೇಡ. ಬೆಳಕು ಹೆಚ್ಚು ಹೊತ್ತು ಹಿಡಿದಷ್ಟೂ ಸೋರಿಕೆಯೂ ಹೆಚ್ಚು ಹೊತ್ತು ಕೂಡುತ್ತದೆ, ಜೊತೆಗೆ ಎಲ್ಲ ಗೀಚಿದ ಹಾಗೆ ಎಳೆಯುತ್ತದೆ. 60 ಫ್ರೇಮಿಗೆ ಹೋದರೆ ಸರಿಹೋದೀತು ಅನ್ನುವವರೂ ಇದ್ದಾರೆ. ಇಲ್ಲ. ಎಕ್ಸ್‌ಪೋಷರ್ ಅರ್ಧವಾದರೆ ಗೇನ್ ಇಮ್ಮಡಿಯಾಗುತ್ತದೆ, ಚುಕ್ಕಿ ಅಷ್ಟೇ ಪ್ರಖರ, ಮೇಲೆ ನಾಯ್ಸ್ ಬೇರೆ, ಚಿಪ್ಪಿಗೆ ಕೆಲಸ ಹೆಚ್ಚಿ ಬಿಸಿ ಬೇರೆ.

ಫೋನಿಗೆ ಕ್ಲಿಪ್ ಇಳಿಸಿಕೊಂಡ ಮೇಲೆ ಕ್ಯಾಮೆರಾದ ವೈಫೈ ಆಫ್ ಮಾಡಿ, ಅದೂ ಬಿಸಿ. 4ಕೆ ಬದಲು 1440ಕ್ಕೆ ಇಳಿಸಿದರೆ ಸಂಸ್ಕರಣೆಯ ಶಾಖ ಗಣನೀಯವಾಗಿ ಇಳಿಯುತ್ತದೆ. ನಕ್ಷೆ ಮಾತ್ರ ಹೊಸದು ಮಾಡಬೇಕು. ಗಾಜಿನ ಒಳಮೈಗೆ ಹಿಡಿದಿರುವ ಎಣ್ಣೆಯಂಥ ಪದರವನ್ನು ತಿಂಗಳಿಗೊಮ್ಮೆ ಮೈಕ್ರೋಫೈಬರ್ ಬಟ್ಟೆಯಿಂದ ತೆಗೆಯಿರಿ. ಒಳಬರುವ ಬೆಳಕು ಹೆಚ್ಚಿದಷ್ಟೂ ಗೇನ್ ಇಳಿಯುತ್ತದೆ.

ಬಣ್ಣ ಬಣ್ಣವಾಗಿ ಮಿಂಚುವ ವಿಡಿಯೋ ಹಾಕಿ ಲೆನ್ಸಿನ ಮುಂದೆ ಹಿಡಿಯುವುದು, ಬೆರಳಿನಿಂದ ಒತ್ತುವುದು, ಇವು ಮೊಬೈಲ್ ಪರದೆಯಲ್ಲಿ ಸಿಕ್ಕಿಕೊಂಡ ಪಿಕ್ಸೆಲ್ಲಿಗೆ ಹೇಳುವ ಉಪಾಯ. ಸೆನ್ಸರಿಗೆ ಸಂಬಂಧವೇ ಇಲ್ಲ. ಕ್ಯಾಮೆರಾ ಬಿಚ್ಚಿ ಹೀಟ್‌ಸಿಂಕ್ ಅಂಟಿಸಲೂ ಹೋಗಬೇಡಿ, ಲೆನ್ಸ್ ಸೆನ್ಸರ್ ಬೋರ್ಡಿನ ಮೇಲೆ ಫೋಕಸ್ ನೋಡಿ ಅಂಟಿಸಿದ್ದಿರುತ್ತದೆ, ಕೂದಲೆಳೆಯಷ್ಟು ಕದಲಿದರೂ ಮತ್ತೆ ಹಗಲಲ್ಲೂ ಮಬ್ಬು.

ಆನೆಚೌಕೂರು ದಾರಿ

ಸಿಪಿಎಲ್ ಇತ್ತು, ತೆಗೆದೆ. ಬ್ಲೋವರ್ ಶಾಖ 23ಕ್ಕೆ ಇಟ್ಟು, ಇವಿ ಮೈನಸ್ 0.3 ಮಾಡಿ ಅದೇ ರಸ್ತೆಯಲ್ಲಿ 40 ನಿಮಿಷ ಆದ ಮೇಲಿನ ಎಣಿಕೆ 7. ಉಳಿದ ಏಳನ್ನು ಡಿಲೋಗೋ ತೆಗೆಯುತ್ತಿದೆ.

ಒಂದು ಕೊನೆಯ ಅನುಮಾನ. ಅಪಘಾತದ ಕ್ಲಿಪ್ ಆದರೆ, ವಿಮೆಗೋ ಪೊಲೀಸರಿಗೋ ಕೊಡುವಾಗ ತಿದ್ದಿದ್ದು ಕೊಡಬಹುದೇ?

ಬಿಟ್‌ರೇಟ್

ಕೊಡಬೇಡಿ ಅಣ್ಣ. ಮೂಲ ಫೈಲೇ ಕೊಡಿ, ಚುಕ್ಕಿ ಇದ್ದರೆ ಇರಲಿ.

ಏಕೆ ಅಂದರೆ ಲೆಕ್ಕ ಹಾಕಿ ನೋಡಿ. ಕಾರಿನ ನಂಬರ್ ಪ್ಲೇಟ್ 500 ಮಿ.ಮೀ. ಅಗಲ, 120 ಮಿ.ಮೀ. ಎತ್ತರ, ಅಕ್ಷರದ ಎತ್ತರ 65 ಮಿ.ಮೀ. 140 ಡಿಗ್ರಿ ನೋಟದ 4ಕೆ ಕ್ಯಾಮೆರಾದಲ್ಲಿ ಒಂದು ಡಿಗ್ರಿಗೆ ಸುಮಾರು 27 ಪಿಕ್ಸೆಲ್. 10 ಮೀಟರ್ ದೂರದ ಪ್ಲೇಟು 80 ಪಿಕ್ಸೆಲ್ ಹತ್ತಿರ ಅಗಲ, ಅದರ ಅಕ್ಷರ 10 ಪಿಕ್ಸೆಲ್ ಎತ್ತರ. ನಿಮ್ಮ ಚೌಕ 12. ಅಂದರೆ ಒಂದು ಚೌಕ ಒಂದು ಪೂರ್ತಿ ಅಂಕಿಯನ್ನು ನುಂಗಿ ಅಲ್ಲಿ ಊಹೆಯ ಬಣ್ಣ ತುಂಬಬಲ್ಲದು. 3 ಇದ್ದದ್ದು 8 ಆಗಬಹುದು. ಅದನ್ನು ಯಾರೂ ಒಪ್ಪಬಾರದು.

ಭಾರತೀಯ ಸಾಕ್ಷ್ಯ ಅಧಿನಿಯಮ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಎಲೆಕ್ಟ್ರಾನಿಕ್ ಸಾಕ್ಷ್ಯದ ಜೊತೆ ಕೊಡುವ, ಮುಂಚೆ 65ಬಿ ಪ್ರಮಾಣಪತ್ರ ಅನ್ನುತ್ತಿದ್ದದ್ದು ಈಗ ಅದರ 63ನೇ ಕಲಮಿನ ಕೆಳಗೆ ಬರುತ್ತದೆ, ಆ ನಮೂನೆಯಲ್ಲಿ ಫೈಲಿನ ಹ್ಯಾಶ್ ಬೆಲೆ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಬೆರಳಚ್ಚು ಇದ್ದ ಹಾಗೆ. ಒಂದು ಬಿಟ್ ಬದಲಾದರೂ ಬೇರೆ ಬರುತ್ತದೆ. ಕಾರ್ಡಿನಿಂದ ಕಾಪಿ ಮಾಡಿದ ಕೂಡಲೇ ಎಸ್‌ಎಚ್‌ಎ 256 ತೆಗೆದು ಬರೆದಿಡಿ, ಸೆವೆನ್‌ಜಿಪ್ ಹಾಕಿದ್ದರೆ ಫೈಲಿನ ಮೇಲೆ ಮೌಸಿನ ಬಲಗುಂಡಿ ಒತ್ತಿದಲ್ಲೇ ಸಿಗುತ್ತದೆ. ಕಾರ್ಡನ್ನೂ ಹಾಗೇ ತೆಗೆದಿಡಿ. ವಾಟ್ಸ್ಯಾಪ್‌ನಲ್ಲಿ ವಿಡಿಯೋ ಆಗಿ ಕಳಿಸಿದರೆ ಅದೇ ಮತ್ತೆ ಕಂಪ್ರೆಸ್ ಮಾಡುತ್ತದೆ, ಆ ಪ್ರತಿ ಮೂಲವಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಅನೇಕ ಕ್ಯಾಮೆರಾಗಳು ಜಿಪಿಎಸ್ ಜಾಗ, ವೇಗವನ್ನು ವಿಡಿಯೋ ಫೈಲಿನ ಒಳಗೇ ಬೇರೆ ಪದರವಾಗಿ ಬರೆಯುತ್ತವೆ. ಮತ್ತೆ ಎನ್‌ಕೋಡ್ ಮಾಡಿದ ಪ್ರತಿಯಲ್ಲಿ ಸಾಮಾನ್ಯವಾಗಿ ಅದು ಬರುವುದೇ ಇಲ್ಲ. ತಿದ್ದಿದ ಪ್ರತಿಯ ಹೆಸರಿನ ಕೊನೆಗೆ ತಿದ್ದಿದ್ದು ಅಂತಲೇ ಸೇರಿಸಿ ಬೇರೆ ಫೋಲ್ಡರಿನಲ್ಲಿ ಇಡಿ.

ತಡ ಮಾಡಬಾರದು ಕೂಡ. ಸೆಕೆಂಡಿಗೆ ಮುಂದೆ 25, ಹಿಂದೆ 10 ಮೆಗಾಬಿಟ್ ಬರೆಯುವ ಕ್ಯಾಮೆರಾ ಗಂಟೆಗೆ 16 ಜಿಬಿ ಹತ್ತಿರ ತುಂಬುತ್ತದೆ, 64 ಜಿಬಿ ಕಾರ್ಡಿನಲ್ಲಿ ನಾಲ್ಕೇ ಗಂಟೆ. ಗೋಣಿಕೊಪ್ಪದಿಂದ ಮೈಸೂರಿಗೆ ಹೋಗಿ ಬರುವಷ್ಟರಲ್ಲಿ ಮೊದಲಿನದ್ದರ ಮೇಲೆ ಬರೆದು ಮುಗಿದಿರುತ್ತದೆ. ಲಾಕ್ ಗುಂಡಿ ಒತ್ತಿ.

ಕರಿಮೆಣಸು

ವಾರಂಟಿ ಬಾಕಿ ಇರುವವರಿಗೆ: ಸರ್ವಿಸಿಗೆ ಕೊಡುವಾಗ ರಸ್ತೆಯ ವಿಡಿಯೋ ಬೇಡ. ತಣ್ಣಗಿನ 2 ನಿಮಿಷ, ಬಿಸಿಯಾದ 2 ನಿಮಿಷದ ಕಪ್ಪು ಕ್ಲಿಪ್ ಎರಡನ್ನೂ ಕೊಡಿ, ಎಣಿಕೆ ಬರೆದು ಕೊಡಿ. ತಣ್ಣಗಿದ್ದಾಗಲೂ ಪ್ರಖರವಾಗಿ ಉರಿಯುವುದು ಇದ್ದರೆ ವಾದ ಗಟ್ಟಿ. ಪಿಕ್ಸೆಲ್ ಮ್ಯಾಪಿಂಗ್ ಅಥವಾ ಪಿಕ್ಸೆಲ್ ರಿಫ್ರೆಶ್ ಅನ್ನುವ ಆಯ್ಕೆ ನಿಮ್ಮ ಮೆನುವಿನಲ್ಲಿ ಇದ್ದರೆ, ಕ್ಯಾಮೆರಾ ಪೂರ್ತಿ ಬಿಸಿಯಾದ ಮೇಲೆ ಲೆನ್ಸ್ ಮುಚ್ಚಿ ಅದನ್ನು ಓಡಿಸಿ. ತಣ್ಣಗಿದ್ದಾಗ ಓಡಿಸಿದರೆ ನಾಲ್ಕನ್ನು ಮಾತ್ರ ಹಿಡಿದು ಹತ್ತೊಂಬತ್ತನ್ನು ಬಿಟ್ಟುಬಿಡುತ್ತದೆ.

ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಹಳೆಯ ನಕ್ಷೆ ನಂಬಬೇಡಿ, ಚಿತ್ರದ ಕತ್ತರಿಕೆ ಒಂದೆರಡು ಪಿಕ್ಸೆಲ್ ಸರಿದಿರಬಹುದು. ಶೋ 1 ಹಾಕಿ ಹತ್ತು ಸೆಕೆಂಡ್ ಓಡಿಸಿ, ಹಸಿರು ಗೆರೆ ಚುಕ್ಕಿಯನ್ನು ಇನ್ನೂ ಸುತ್ತುವರಿದಿದೆಯೇ ನೋಡಿ.